ಆಟ ಕಲಿಸುವವರ ಬಾಳುವೆ

ನಂಜನಗೂಡನ್ನು ಹಾದು ಬಂದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವಳಷ್ಟೆ. ಆ ಸಂಗಮದ ತಾಲ್ಲೂಕಿಗೆ ಸೇರಿದ ಕುರುಬೂರೆಂಬ ಹಳ್ಳಿಯ ಹೆಸರು ೨೦೨೫ನೆಯ ಇಸವಿಯ ಜನವರಿ ತಿಂಗಳಿನಲ್ಲಿ ದೂರದೂರದವರ ಕಿವಿಗೂ ಬಿದ್ದಿತು. ಹೊಸದಿಲ್ಲಿಯಲ್ಲಿ ನಡೆದ ಮೊತ್ತಮೊದಲನೆಯ ಖೋ ಖೋ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳದವರನ್ನು ೭೮ಕ್ಕೆ ೪೦ ಅಂಕಗಳಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂಬ ಮನ್ನಣೆಯನ್ನು ಪಡೆದವರು ಕುರುಬೂರಿನ ಬಿ. ಚೈತ್ರಾ ಅವರು. ಮಣ್ಣಿನ ಅಂಗಳದ ಆಟವೊಂದು ಹಳ್ಳಿಯ ಹೆಣ್ಣುಮಗಳನ್ನು ಅಷ್ಟು ದೂರ ಕರೆದೊಯ್ದಿತೆಂಬುದು ನಮಗೆಲ್ಲರಿಗೂ ಸಂತೋಷದ ಸಂಗತಿಯೇ ಸರಿ.

ಆಡಿದವರನ್ನು ಹೊಗಳುವುದು ಸುಲಭ. ಆಡಿಸಿದವರನ್ನು ನೆನೆಯುವುದು ಅಪರೂಪ. ಆದುದರಿಂದ ಈ ತಿಂಗಳು ಆಟವನ್ನು ಕಲಿಸುವವರ, ಎಂದರೆ ಈಗ ಎಲ್ಲರೂ ಕೋಚ್ ಎಂದು ಕರೆಯುವವರ ಬಾಳುವೆಯ ವಿಷಯವಾಗಿ ಎರಡು ಮಾತುಗಳನ್ನು ವಾಚಕರ ಮುಂದಿಡುತ್ತೇವೆ. ಮನೆಯ ಮಗನೋ ಮಗಳೋ "ನಾನು ಕೋಚ್ ಆಗುತ್ತೇನೆ" ಎಂದರೆ ತಂದೆತಾಯಿಗಳು ಏನೆಂದು ಉತ್ತರ ಕೊಡಬೇಕು? ಗದರಿಸಿ ಸುಮ್ಮನಾಗಿಸುವುದೂ ಸರಿಯಲ್ಲ. ತಿಳಿಯದೆ ಹೂಂಗುಟ್ಟುವುದೂ ಸರಿಯಲ್ಲ.

ಹಿಂದೆ ನಮ್ಮ ಮೈಸೂರು ಸೀಮೆಯಲ್ಲಿ ಈ ಕೆಲಸವನ್ನು ಗರಡಿಯ ಉಸ್ತಾದರು ಮಾಡುತ್ತಿದ್ದರು. ಅವರ ವಿದ್ಯೆಗೆ ಗೌರವವಿತ್ತು, ಆದರೆ ತಿಂಗಳ ಸಂಬಳವೆಂಬುದು ಎಲ್ಲರಿಗೂ ಇರಲಿಲ್ಲ. ಈಗ ಅದು ಒಂದು ಉದ್ಯೋಗವಾಗಿ ಬೆಳೆದಿದೆ. ೨೦೧೪ರಲ್ಲಿ ಪ್ರೊ ಕಬಡ್ಡಿ ಪಂದ್ಯಾವಳಿಯೂ ೨೦೨೨ರಲ್ಲಿ ಅಲ್ಟಿಮೇಟ್ ಖೋ ಖೋ ಪಂದ್ಯಾವಳಿಯೂ ಆರಂಭವಾದ ಮೇಲೆ ನಮ್ಮ ದೇಶದ ಆಟಗಳಲ್ಲಿಯೂ ಹಣ ಕೊಟ್ಟು ಕೋಚನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯು ಬಂದಿತು.

ಈ ದಾರಿಯ ಏರಿಳಿತವನ್ನು ತಿಳಿಯಬೇಕಾದರೆ ಕರ್ನಾಟಕದವರೇ ಆದ ಬಿ. ಸಿ. ರಮೇಶರನ್ನು ನೋಡಬಹುದು. ಕಬಡ್ಡಿಯಲ್ಲಿ ಆಡಿ ೨೦೦೧ರ ಅರ್ಜುನ ಪ್ರಶಸ್ತಿಯನ್ನು ಪಡೆದ ಇವರು ಮುಂದೆ ಕಲಿಸುವವರಾದರು. ೨೦೧೯ರಲ್ಲಿ ಇವರ ಕೈಕೆಳಗೆ ಬೆಂಗಾಲ್ ವಾರಿಯರ್ಸ್ ತಂಡವು ಪ್ರೊ ಕಬಡ್ಡಿಯ ಪ್ರಶಸ್ತಿಯನ್ನು ಗೆದ್ದಿತು. ಮುಂದಿನ ಸಲ ಅದೇ ತಂಡವು ಮೊದಲಿನ ಆರರೊಳಗೂ ಬರಲಿಲ್ಲ. ಬಳಿಕ ಅವರು ಪುಣೆಯ ತಂಡಕ್ಕೆ ಹೋದರು. ೨೦೨೪ರ ಮಾರ್ಚಿಯಲ್ಲಿ ಆ ತಂಡವೂ ಚಾಂಪಿಯನ್ ಆಯಿತು. ಅದೇ ವರ್ಷದ ಕೊನೆಯಲ್ಲಿ ನಡೆದ ಪಂದ್ಯಾವಳಿಯಲ್ಲಿ ಪುಣೆಯವರು ಮುಂದಿನ ಹಂತಕ್ಕೆ ಏರಲಿಲ್ಲ. ೨೦೨೫ರಲ್ಲಿ ರಮೇಶರು ಬೆಂಗಳೂರಿನ ತಂಡವನ್ನು ವಹಿಸಿಕೊಂಡರು. ಎರಡು ಬಾರಿ ಕಿರೀಟವನ್ನು ತಂದವರ ಗತಿಯೇ ಹೀಗಿರುವಲ್ಲಿ ಉಳಿದವರ ಪಾಡನ್ನು ಊಹಿಸಿಕೊಳ್ಳಬಹುದು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ನೂಕಿ ಆಡುವ ಬೇರೆಯೇ ಆಟ. ಅದರಲ್ಲಿ ಬಹು ದೊಡ್ಡ ಹೆಸರು ಪಡೆದ ಬಿಲ್ ಬೆಲಿಚಿಕ್ ಎಂಬವರು ೧೯೭೫ರಲ್ಲಿ ಕಾಲೇಜನ್ನು ಮುಗಿಸಿ, ಬಾಲ್ಟಿಮೋರಿನ ತಂಡದಲ್ಲಿ ವಾರಕ್ಕೆ ೨೫ ಡಾಲರಿನ ಸಹಾಯಕರಾಗಿ ಸೇರಿದರು. ಹದಿನಾರು ವರ್ಷಗಳ ನಂತರವೇ ಅವರಿಗೆ ಮುಖ್ಯ ಕೋಚಿನ ಪದವಿಯು ಕ್ಲೀವ್‌ಲೆಂಡಿನಲ್ಲಿ ದೊರೆಯಿತು; ಐದು ವರ್ಷಗಳಲ್ಲಿ ಅಲ್ಲಿಂದ ಅವರನ್ನು ತೆಗೆದುಹಾಕಿದರು. ಆಮೇಲೆ ೨೦೦೦ದಿಂದ ನ್ಯೂ ಇಂಗ್ಲೆಂಡಿನ ತಂಡವನ್ನು ನಡೆಸಿ ಆರು ಬಾರಿ ಗೆಲ್ಲಿಸಿದರು. ಅಷ್ಟಾದರೂ ಕಡೆಯ ವರ್ಷಗಳ ಸೋಲುಗಳಿಂದಾಗಿ ೨೦೨೪ರ ಜನವರಿಯಲ್ಲಿ ಆ ತಂಡವನ್ನು ಬಿಡಬೇಕಾಯಿತು. ಆದರೆ ಅವರ ನಾಡಿನಲ್ಲಿ ಸಹಾಯಕನೆಂಬ ಕೆಳಗಿನ ಮೆಟ್ಟಿಲಿನಿಂದ ಮೇಲಿನದಕ್ಕೆ ಏರುವ ನಿಚ್ಚಣಿಗೆಯೊಂದಿದೆ.

ನಮ್ಮಲ್ಲಿ ಆ ನಿಚ್ಚಣಿಗೆಯ ಮೆಟ್ಟಿಲುಗಳು ಬಿಡಿಬಿಡಿಯಾಗಿವೆ. ಪದವಿಯನ್ನು ಮುಗಿಸಿ ದೈಹಿಕ ಶಿಕ್ಷಣದ ಬಿ. ಪಿ. ಎಡ್. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪಾಠಶಾಲೆಯಲ್ಲಿ ಉಪಾಧ್ಯಾಯರಾಗಬಹುದು. ಒಂದು ಆಟದಲ್ಲಿಯೇ ವಿಶೇಷ ಶಿಕ್ಷಣವನ್ನು ಬಯಸುವವರಿಗೆ ೧೯೬೧ರಲ್ಲಿ ಪಟಿಯಾಲಾದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಚೆನ್ನಾಗಿ ಆಡಿದವರಿಗೆ ರೈಲ್ವೆ, ಪೊಲೀಸು, ಬ್ಯಾಂಕುಗಳಲ್ಲಿ ಕ್ರೀಡಾ ಮೀಸಲಿನ ಕೆಲಸವು ದೊರೆಯುವುದುಂಟು. ಗೃಹಸ್ಥರಿಗೆ ನಮ್ಮ ಸಲಹೆಯಿಷ್ಟು: ಮಕ್ಕಳು ಆಡಲಿ, ಕಲಿಸುವ ಆಸೆಯನ್ನೂ ಇಟ್ಟುಕೊಳ್ಳಲಿ; ಆದರೆ ಪದವಿಯನ್ನು ಅರ್ಧಕ್ಕೆ ಬಿಡದಿರಲಿ. ಪಂದ್ಯಾವಳಿಯ ಕರಾರು ಒಂದೆರಡು ವರ್ಷದ್ದು, ಸಂಸಾರವು ಮೂವತ್ತು ವರ್ಷದ್ದು.

ಇನ್ನೊಂದು ಮಾತು. ವಿಶ್ವಕಪ್ಪಿನ ಬಳಿಕ ಕರ್ನಾಟಕ ಸರ್ಕಾರವು ಚೈತ್ರಾ ಅವರಿಗೂ ಪುರುಷರ ತಂಡದಲ್ಲಿದ್ದ ಎಂ. ಕೆ. ಗೌತಮರಿಗೂ ತಲಾ ೫ ಲಕ್ಷ ರೂಪಾಯಿಗಳನ್ನು ಘೋಷಿಸಿದಾಗ ಇಬ್ಬರೂ ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರದವರು ತಮ್ಮ ಆಟಗಾರರಿಗೆ ತಲಾ ೨.೨೫ ಕೋಟಿ ರೂಪಾಯಿಗಳನ್ನು ಕೊಟ್ಟಿದ್ದರೆಂಬುದು ಅವರ ಅಸಮಾಧಾನಕ್ಕೆ ಕಾರಣ. ಈ ಚರ್ಚೆಯು ಯೋಗ್ಯವಾದುದೇ. ಆದರೆ ಮಗುವಿಗೆ ಮೊದಲ ಬಾರಿ ಅಂಗಳದಲ್ಲಿ ಕುಳಿತೇಳುವುದನ್ನೂ, ಕಂಬವನ್ನು ಸುತ್ತಿ ತಿರುಗುವುದನ್ನೂ ಕಲಿಸುವ ಹಳ್ಳಿಯ ವ್ಯಾಯಾಮ ಶಿಕ್ಷಕರ ಪ್ರಸ್ತಾಪವು ಇಂಥ ಚರ್ಚೆಗಳಲ್ಲಿ ಬರುವುದೇ ಕಡಿಮೆ. ೧೯೮೫ರಿಂದ ಕೊಡಲಾಗುತ್ತಿರುವ ದ್ರೋಣಾಚಾರ್ಯ ಪ್ರಶಸ್ತಿಯು ಅಂತರರಾಷ್ಟ್ರೀಯ ಗೆಲುವುಗಳನ್ನು ನೋಡುತ್ತದೆ; ಅಕ್ಷರ ತಿದ್ದಿಸಿದ ಕೈಯನ್ನು ಅದು ತಲುಪುವುದು ವಿರಳ.

ಆ ಕೊರತೆಯನ್ನು ಸರ್ಕಾರವು ತುಂಬುವ ತನಕ ನಾವು ಸುಮ್ಮನಿರಬೇಕಾಗಿಲ್ಲ. ನಂಜನಗೂಡು, ನರಸೀಪುರಗಳ ತಂದೆತಾಯಿಗಳು ಶಾಲೆಯ ಸಭೆಗೆ ಹೋದಾಗ ಗಣಿತದ ಉಪಾಧ್ಯಾಯರನ್ನು ಕಂಡಂತೆ ವ್ಯಾಯಾಮ ಶಿಕ್ಷಕರನ್ನೂ ಕಂಡು ಮಾತನಾಡಿಸಲಿ. ಪರೀಕ್ಷೆಯು ಹತ್ತಿರ ಬಂದಿತೆಂದು ಆಟದ ಗಂಟೆಯನ್ನು ಕಸಿದುಕೊಳ್ಳಬೇಡಿರೆಂದು ಮುಖ್ಯೋಪಾಧ್ಯಾಯರಲ್ಲಿ ವಿನಯದಿಂದ ಕೇಳಿಕೊಳ್ಳಲಿ. ಶಾಲೆಯ ಅಂಗಳದಲ್ಲಿ ಎರಡು ಕಂಬಗಳು ನೆಟ್ಟಗೆ ನಿಂತಿವೆಯೇ ಎಂದು ಒಮ್ಮೆ ನೋಡಿ ಬರಲಿ. ಖೋ ಖೋ ಆಟಕ್ಕೆ ಅದಕ್ಕಿಂತ ಹೆಚ್ಚಿನ ಸಲಕರಣೆಯೇನೂ ಬೇಕಿಲ್ಲ. ಕಲಿಸುವವರೊಬ್ಬರು ಮಾತ್ರ ಬೇಕು.