‘ಸದ್ದಲೇ’ ಅನ್ನುವ ಮೊದಲೇ ಅರ್ಥ ಹೇಳುವವರು

ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುತ್ತಾನೆ. ಅವನು ‘ಸದ್ದಲೇ’ ಅಂದರೆ ಸಾಕು, ಅಷ್ಟೂ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲು ನುಡಿದು ಅವನು ಕೆಳಕ್ಕೆ ಬೀಳುತ್ತಾನೆ. ಆಮೇಲೆ ಅರ್ಥ ಹೇಳುವವರ ಜಾತ್ರೆ. ರೈತ ಮಳೆ-ಬೆಳೆ ಅನ್ನುತ್ತಾನೆ, ರಾಜಕಾರಣಿ ಕುರ್ಚಿ ಅನ್ನುತ್ತಾನೆ. ಅರ್ಥ ಅವರವರದು. ಆದರೆ ಮೊದಲು ಕೇಳಿಸಿಕೊಳ್ಳುತ್ತಾರೆ, ಆಮೇಲೆ ಮಾತಾಡುತ್ತಾರೆ.

ಕಾದಂಬರಿ ಆಧರಿಸಿದ ಐತಿಹಾಸಿಕ ಸಿನಿಮಾ ಅಂದರೆ ಮಾತ್ರ ನಮ್ಮ ಪ್ರೇಕ್ಷಕರು ಈ ರೀತಿಯನ್ನು ತಲೆಕೆಳಗು ಮಾಡಿದ್ದಾರೆ. ಬಿ.ಎಲ್. ವೇಣು ಅವರ ‘ಗಂಡುಗಲಿ ಮದಕರಿನಾಯಕ’ ಸಿನಿಮಾ ಆಗುತ್ತದೆಂಬ ಸುದ್ದಿ 2018ರಲ್ಲಿ ಬಂತು. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ದರ್ಶನ್ ಮದಕರಿ. ಅತ್ತ ಸುದೀಪ್ ಕೂಡ ಮದಕರಿ ಆಗುತ್ತಾರೆಂಬ ಸುದ್ದಿ. ಒಂದು ಫ್ರೇಮೂ ಚಿತ್ರೀಕರಣವಾಗಿರಲಿಲ್ಲ, ಅಭಿಪ್ರಾಯಗಳು ಮಾತ್ರ ಭರ್ತಿ ಬಿಡುಗಡೆಯಾಗಿದ್ದವು. ಮದಕರಿಯ ವೇಷ ಯಾರು ಹಾಕಬೇಕು, ಯಾವ ಜಾತಿಯವರು ಹಾಕಬೇಕು ಎಂಬುದೇ ಚರ್ಚೆ. ಆ ಕಾದಂಬರಿಯಲ್ಲಿ ಏನಿದೆ ಎಂದು ಕೇಳಿದವರು ಎಷ್ಟು ಮಂದಿ? ಕೂಡ್ಲಿಗಿಯ ಚಾದಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ವಾದಿಸಿದ ನಮ್ಮ ಹುಡುಗರಲ್ಲಿ ಪುಸ್ತಕ ಓದಿದವನು ಒಬ್ಬನೂ ನನಗೆ ಸಿಗಲಿಲ್ಲ. ಆ ಸಿನಿಮಾ ತೆರೆಗೆ ಬರಲಿಲ್ಲ. ಜಗಳ ಮಾತ್ರ ನಿಜವಾಗಿ ಉಳಿಯಿತು.

ಇದಕ್ಕೆ ಒಂದು ಸಮರ್ಥನೆ ಇದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಶತಮಾನಗಳ ಕಾಲ ಬೇಟೆಗಾರರೆಂದೂ ದರೋಡೆಕೋರರೆಂದೂ ಬರೆಸಿಕೊಂಡ ಸಮುದಾಯವೊಂದು ತನ್ನ ದೊರೆಯನ್ನು ದೊಡ್ಡ ಪರದೆಯ ಮೇಲೆ ನೋಡಬಯಸಿದರೆ ತಪ್ಪೇನು? ಏನೂ ಇಲ್ಲ. ಆ ಹಸಿವು ನ್ಯಾಯವಾದದ್ದು. ನನ್ನ ತಕರಾರು ಹಸಿವಿನ ಬಗ್ಗೆ ಅಲ್ಲ, ಅದಕ್ಕೆ ಬಡಿಸುತ್ತಿರುವ ಊಟದ ಬಗ್ಗೆ.

ಇತಿಹಾಸವನ್ನು ಒಬ್ಬ ವೀರನ ಅಭಿಮಾನವಾಗಿ ಮಾತ್ರ ನೋಡಿದರೆ ನಮ್ಮ ಐದು ತಾಲೂಕಿನವರು ಮೊದಲ ಹೆಜ್ಜೆಗೇ ಎಡವುತ್ತೇವೆ. 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕ ಸತ್ತ. ಎದುರಿಗೆ ಇದ್ದವರು ಯಾರು? ಬಿದನೂರು, ರಾಯದುರ್ಗ, ಸವಣೂರುಗಳ ಜೊತೆಗೆ ನಮ್ಮ ಹರಪನಹಳ್ಳಿಯವರು. ಹರಪನಹಳ್ಳಿ ಪಾಳೆಯಗಾರರೂ ಬೇಡ ಕುಲದವರೇ, ಹೆಸರಿನ ಮುಂದೆ ನಾಯಕ ಎಂದೇ ಇಟ್ಟುಕೊಂಡವರು. ಈಗ ಹೇಳಿ, ಆ ದೃಶ್ಯ ಬಂದಾಗ ಹರಪನಹಳ್ಳಿಯ ಟಾಕೀಸಿನಲ್ಲಿ ಶಿಳ್ಳೆ ಯಾರಿಗೆ ಬೀಳಬೇಕು? ಜಾತಿಯನ್ನು ತಕ್ಕಡಿ ಮಾಡಿಕೊಂಡವರಿಗೆ ಇಲ್ಲಿ ಎರಡೂ ತಟ್ಟೆ ಸಮ. ದುರ್ಗದ ಕಡೆಯಿಂದ ಬರೆದ ಕತೆಯಲ್ಲಿ ನಾವು ಹಗೆಗಳು. ನಮ್ಮ ಕಡೆಯಿಂದ ಬರೆದ ಕತೆಯನ್ನು ತೆರೆಗೆ ತನ್ನಿ ಎಂದು ಯಾರೂ ಕೇಳಿಲ್ಲ.

ಓಬವ್ವನನ್ನೇ ನೋಡಿ. ಅವಳು ಹುಟ್ಟಿದ್ದು ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಎಂಬುದು ಇಲ್ಲಿನ ಜನರ ಗಟ್ಟಿ ನಂಬಿಕೆ. ಆದರೆ ನಾಡಿನ ಕಣ್ಣಲ್ಲಿರುವ ಓಬವ್ವ ಯಾರು? 1972ರ ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಬಂದುಹೋಗುವ ಜಯಂತಿ. ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಕಟ್ಟಿದ ಆ ಸಿನಿಮಾ ಐತಿಹಾಸಿಕವೂ ಅಲ್ಲ. ಆದರೂ ಕೆಲವು ನಿಮಿಷದ ಆ ಹಾಡೇ ನಮಗೆ ಇತಿಹಾಸವಾಗಿ ಕೂತಿದೆ. ತೆರೆಗೆ ಇಷ್ಟು ಶಕ್ತಿ ಇರುವಾಗ ನೋಡುಗನ ಹೊಣೆಯೂ ಅಷ್ಟೇ ದೊಡ್ಡದು.

ಕಾದಂಬರಿಗೆ ಸಿನಿಮಾ ನಿಷ್ಠವಾಗಿರಬೇಕು ಎಂದು ವಾದಿಸುವವರ ಇನ್ನೊಂದು ಗುಂಪಿದೆ. ಅವರ ನಿಷ್ಠೆಯೂ ನನಗೆ ಅನುಮಾನ. ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಬೇಲಿ ಮತ್ತು ಹೊಲ’ 1987ರಲ್ಲಿ ‘ಮನ ಮೆಚ್ಚಿದ ಹುಡುಗಿ’ ಆಯಿತು. ಶೀರ್ಷಿಕೆಯಿಂದ ಬೇಲಿಯೂ ಹೋಯಿತು, ಹೊಲವೂ ಹೋಯಿತು, ಹುಡುಗಿ ಬಂದಳು. ಆಗ ಯಾವ ಪ್ರತಿಭಟನೆ ನಡೆಯಿತು? ರಾಜನ ಮೀಸೆ ಅರ್ಧ ಇಂಚು ಕಡಿಮೆಯಾದರೆ ಸಿಡಿದೇಳುವವರು ರೈತನ ಹೊಲ ಮಾಯವಾದಾಗ ಶಿಳ್ಳೆ ಹೊಡೆದೆವು. ನಾನೂ ಹೊಡೆದವನೇ.

ಅದೇ ಕುಂವೀ ‘ಅರಮನೆ’ ಬರೆದರು, ಅದಕ್ಕೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಾಳೆಯಗಾರಿಕೆ ಕರಗಿ ಕಂಪನಿ ಸರ್ಕಾರ ಕಾಲೂರಿದ, ಥಾಮಸ್ ಮನ್ರೋ ಓಡಾಡಿದ ಕಾಲದ ಕಾದಂಬರಿ ಅದು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರ್ ಆಗಿದ್ದು ಪಾಳೆಯಗಾರರನ್ನು ಅಡಗಿಸಿದ, ಹೊಲಕ್ಕೆ ಕಂದಾಯ ಕಟ್ಟಿದ. ನಮ್ಮ ಅಜ್ಜ-ಮುತ್ತಜ್ಜರ ಬದುಕನ್ನು ಬದಲಿಸಿದ್ದು ಕೋಟೆಯ ಕಾಳಗಕ್ಕಿಂತ ಹೆಚ್ಚಾಗಿ ಆ ಕಂದಾಯ. ಅದನ್ನು ಸಿನಿಮಾ ಮಾಡಿ ಎಂದು ಯಾವ ಅಭಿಮಾನಿ ಸಂಘ ಬೀದಿಗಿಳಿದಿದೆ? ಅಲ್ಲಿ ಕಟೌಟ್ ನಿಲ್ಲಿಸಲು ಒಬ್ಬ ವೀರ ಸಿಗುವುದಿಲ್ಲ. ಊರಿಗೆ ಊರೇ ಇದೆ, ಅದರ ಮೈಮೇಲೆ ಬರುವ ದೇವತೆ ಇದ್ದಾಳೆ, ಹಸಿವು ಇದೆ.

ಭಾಷೆಯ ಮಾತಂತೂ ಹೇಳುವುದೇ ಬೇಡ. ನಮ್ಮ ಸಿನಿಮಾದ ರಾಜರು ಕಂಪನಿ ನಾಟಕದ ಗ್ರಾಂಥಿಕ ಕನ್ನಡದಲ್ಲಿ ಗುಡುಗುತ್ತಾರೆ. ‘ಎಲ್ಲಿಗ್ ಹೊಂಟೀಲೇ ಯಪ್ಪಾ’ ಅನ್ನುವ ನಮ್ಮ ಮಾತು ಬಂದರೆ ಅದು ಹೆಚ್ಚಾಗಿ ಹಾಸ್ಯಗಾರನ ಬಾಯಲ್ಲಿ. ಗುಡೇಕೋಟೆಯ ನಾಯಕ ತನ್ನ ಕುದುರೆಯಾಳಿನ ಸಂಗಡ ಗ್ರಾಂಥಿಕದಲ್ಲಿ ಮಾತಾಡುತ್ತಿದ್ದನೇ? ಈ ಅವಮಾನಕ್ಕೆ ಮಾತ್ರ ನಮ್ಮ ಭಾವನೆಗೆ ಧಕ್ಕೆ ಆಗುವುದಿಲ್ಲ. ನಮ್ಮ ಮಾತಿಗೆ ನಾವೇ ನಗುತ್ತೇವೆ.

ಹಾಗಾದರೆ ಪ್ರೇಕ್ಷಕ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ, ಇನ್ನೂ ಗಟ್ಟಿಯಾಗಿ ಕೇಳಬೇಕು. ಕೋಟೆಯ ಕಲ್ಲು ಹೊತ್ತವರು ಯಾರು, ಮುತ್ತಿಗೆಯ ದಿನಗಳಲ್ಲಿ ಜೋಳ ಎಲ್ಲಿಂದ ಬಂತು, ಗೆದ್ದ ಸೈನ್ಯ ಮರಳುವ ದಾರಿಯ ಹಳ್ಳಿಗಳ ಗತಿ ಏನಾಯಿತು, ಇವರೆಲ್ಲ ಯಾವ ಕನ್ನಡ ಆಡುತ್ತಿದ್ದರು ಎಂದು ಕೇಳಬೇಕು. ಈ ಪ್ರಶ್ನೆ ಕೇಳುವವನಿಗೆ ಮದಕರಿಯ ವೇಷ ಯಾರು ಹಾಕಿದರೂ ಒಂದೇ, ಚೆನ್ನಾಗಿ ಹಾಕಿದರೆ ಸಾಕು.

ಮದಕರಿಯ ಸಿನಿಮಾ ಮುಂದೊಂದು ದಿನ ಬಂದೀತು. ‘ಅರಮನೆ’ಯೂ ಬರಲಿ. ಅಷ್ಟರಲ್ಲಿ ಆ ಎರಡು ಪುಸ್ತಕ ಓದಿ ಮುಗಿಸೋಣ. ಟಾಕೀಸಿನ ದೀಪ ಆರಿದಾಗ ಮೈಲಾರದವರ ಹಾಗೆ ಮೊದಲು ‘ಸದ್ದಲೇ’ ಅನ್ನೋಣ. ಅರ್ಥ ಹೇಳಲು ಹೊರಗೆ ಚಾದಂಗಡಿ ಇದ್ದೇ ಇದೆ.