ಸ್ಪ್ಯಾನಿಷ್ ಪರೀಕ್ಷೆಗೆ ಕನ್ನಡ ಅಡ್ಡಿಯೇ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮ್ಮವರ ಕೆಲವು ಮನೆಗಳಲ್ಲಿ ಈಚೆಗೆ ಒಂದು ವಿಚಿತ್ರ ಕಟ್ಟಳೆ ಕೇಳಿಬರುತ್ತಿದೆ. ಮಗಳು ಸ್ಪ್ಯಾನಿಷ್ ಮಾತಿನ ಪರೀಕ್ಷೆಗೆ ಕೂರುವವಳು. ಅದು ಮುಗಿಯುವ ತನಕ ಮನೆಯಲ್ಲಿ ಕನ್ನಡ ಬೇಡ, ನಾಲಗೆ ಕೆಡುತ್ತದೆ! ಅಜ್ಜಿ ಕೂಡ ಹರಕುಮುರುಕು ಇಂಗ್ಲಿಷಿನಲ್ಲೇ ಮೊಮ್ಮಗಳನ್ನು ಊಟಕ್ಕೆ ಕರೆಯಬೇಕು. ಇದು ಶುದ್ಧ ಅವಿವೇಕವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಸ್ಪ್ಯಾನಿಷ್ ಕಲಿಕೆಗೆ ನಮ್ಮ ವಿರೋಧವಿಲ್ಲ. ಅದು 20 ದೇಶಗಳ ಆಡಳಿತ ಭಾಷೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಮರಾಠಿ, ಹಿಂದಿ ಕಲಿತ ನಾವು ಇನ್ನೊಂದು ಭಾಷೆಗೆ ಹೆದರುವವರಲ್ಲ. ನಮ್ಮ ಆಕ್ಷೇಪವಿರುವುದು ತಯಾರಿಯ ರೀತಿಗೆ.

ಸ್ಪೇನಿನ ಸೆರ್ವಾಂತೆಸ್ ಸಂಸ್ಥೆಯ ‘ದೆಲೆ’ ಪರೀಕ್ಷೆಯನ್ನೇ ನೋಡಿ. ಮೊದಲ ಮಟ್ಟವಾದ ಎ1ರಲ್ಲಿ ಕೇಳುವುದಕ್ಕೂ ಮಾತಾಡುವುದಕ್ಕೂ ಸೇರಿ 50 ಅಂಕ. ಅದರಲ್ಲಿ 30 ಬಾರದಿದ್ದರೆ, ಓದುಬರಹದಲ್ಲಿ ಎಷ್ಟು ಅಂಕ ಬಂದರೂ ತೇರ್ಗಡೆಯಿಲ್ಲ. ತನ್ನ ಪರಿಚಯ ಹೇಳಬೇಕು, ದಿನನಿತ್ಯದ ಒಂದು ವಿಷಯ ಕುರಿತು ಮಾತಾಡಬೇಕು, ಬಳಿಕ ಪರೀಕ್ಷಕರೊಡನೆ ಸಂಭಾಷಣೆ. ಟಿಪ್ಪಣಿಯ ಮೇಲೆ ಕಣ್ಣಾಡಿಸಬಹುದು, ಓದಿ ಒಪ್ಪಿಸುವಂತಿಲ್ಲ. ಬಾಯಿಪಾಠ ಮಾಡಿದ ಮಗು, ಕೇಳಿದ ಪ್ರಶ್ನೆ ಸ್ವಲ್ಪ ಬದಲಾದೊಡನೆ ತಬ್ಬಿಬ್ಬಾಗುತ್ತದೆ. ಮನೆಯಲ್ಲಿ ಯಾರೊಡನೆಯೂ ಮನಬಿಚ್ಚಿ ಮಾತಾಡದವರಿಗೆ ಪರೀಕ್ಷಕರ ಮುಂದೆ ಮಾತು ಎಲ್ಲಿಂದ ಬರಬೇಕು?

ಇನ್ನು ಕನ್ನಡದಿಂದ ಕೆಡುವುದಾದರೂ ಏನು? ‘ನನಗೆ ಕಾಫಿ ಇಷ್ಟ’ ಎನ್ನುವುದಕ್ಕೆ ಅವರು ‘ಮೆ ಗುಸ್ತಾ ಎಲ್ ಕಾಫೆ’ ಎನ್ನುತ್ತಾರೆ. ಇಷ್ಟಪಡುವವನು ಅಲ್ಲಿಯೂ ‘ನಾನು’ ಅಲ್ಲ, ‘ನನಗೆ’! ‘ಮಾತಾಡುತ್ತೇನೆ’ ಎಂದರೆ ‘ನಾನು’ ಹೇಳದೆಯೂ ಅರ್ಥವಾಗುವಂತೆ, ‘ಆಬ್ಲೊ’ ಎಂದರೂ ಸಾಕು. ನೀನು, ನೀವು ಎಂಬ ಭೇದ ಅವರಲ್ಲೂ ಉಂಟು. ಅವರ ‘ತ’ಕಾರ ನಮ್ಮ ‘ತ’ದಂತೆ ಹಲ್ಲಿಗೆ ತಾಗುವಂಥದು, ಇಂಗ್ಲಿಷಿನ ರೂಢಿಯಿಂದ ಅದನ್ನು ‘ಟ’ ಮಾಡುವವರೇ ಹೆಚ್ಚು. ‘ಪೆರೊ’ ಎಂದರೆ ಆದರೆ. ‘ಪೆರ್ರೊ’ ಎಂದರೆ ನಾಯಿ. ಒತ್ತಕ್ಷರದಲ್ಲಿ ಬೆಳೆದ ಕಿವಿಗೆ ಈ ವ್ಯತ್ಯಾಸ ಕಷ್ಟವಲ್ಲ.

ಎಲ್ಲವೂ ಕನ್ನಡದಿಂದಲೇ ಬರುವುದಿಲ್ಲ, ನಿಜ. ಅಲ್ಲಿ ಮೇಜೂ ಸ್ತ್ರೀಲಿಂಗ. ನಿರ್ಜೀವ ವಸ್ತುಗಳಿಗೂ ಗಂಡುಹೆಣ್ಣೆಂಬ ಭೇದ ಮಾಡುವ ಮರಾಠಿಯನ್ನು ನೆರೆಮನೆಯಲ್ಲಿ ಆಡಿ ಕಲಿತ ನಮ್ಮ ಮಕ್ಕಳಿಗೆ ಅದೂ ಹೊಸತಲ್ಲ. ಬಲ್ಲ ಭಾಷೆಗಳೆಲ್ಲ ಬಂಡವಾಳವಾಗಿರುವಾಗ ಅವುಗಳಿಗೆ ಬೀಗ ಹಾಕುವುದೇಕೆ?

ಪಾಲಕರಲ್ಲಿ ನಮ್ಮ ಸೂಚನೆ ಇಷ್ಟೆ. ರಾತ್ರಿ ಊಟದ ಹೊತ್ತಿನಲ್ಲಿ ದೂರದರ್ಶನ, ಮೊಬೈಲು ಆರಿಸಿ, ಮನೆ, ಊರು, ಅಡಿಗೆ, ದಿನಚರಿ ಕುರಿತು ಹತ್ತು ನಿಮಿಷ ಮಗುವನ್ನು ಕನ್ನಡದಲ್ಲಿ ಮಾತಾಡಿಸಿರಿ. ನಡುನಡುವೆ ಪ್ರಶ್ನೆ ಕೇಳಿರಿ. ಅದೇ ಸಂಗತಿಯನ್ನು ಮಗು ಅನಂತರ ಸ್ಪ್ಯಾನಿಷಿನಲ್ಲಿ ಹೇಳಲಿ. ಇದಕ್ಕೆ ಶುಲ್ಕವಿಲ್ಲ.

ಕನ್ನಡ ನಿಲ್ಲಿಸಿರೆಂದು ಸಲಹೆ ಕೊಡುವವರನ್ನು ಒಂದು ಮಾತು ಕೇಳಿರಿ: ಪರೀಕ್ಷೆ ಮುಗಿದ ಮೇಲೆ, ಅಜ್ಜಿಯೊಡನೆ ನಿಂತುಹೋದ ಮಾತನ್ನು ಯಾವ ಕ್ಲಾಸಿನಲ್ಲಿ ಕಲಿಸಿಕೊಡುತ್ತೀರಿ?