ನಾಯಿಯ ಕಿವಿಗೆ ಎಣ್ಣೆ ಬಿಡುವವರಿಗೆ

ನಮ್ಮ ಕಡೆ ಕಿವಿನೋವು ಎಂದ ಕೂಡಲೇ ಬೆಳ್ಳುಳ್ಳಿ ಎಸಳು ಹಾಕಿ ಕೊಬ್ಬರಿ ಎಣ್ಣೆ ಕಾಯಿಸುವ ರೂಢಿಯಿದೆ. ಈಚೆಗೆ ಆ ಎಣ್ಣೆ ಸಾಕುನಾಯಿಯ ಕಿವಿಗೂ ಬೀಳುತ್ತಿದೆ. ಮನುಷ್ಯರ ಕಿವಿಯ ಮಾತು ವೈದ್ಯರಿಗಿರಲಿ. ನಾಯಿಯ ವಿಷಯದಲ್ಲಿ ಈ ಪದ್ಧತಿ ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮನುಷ್ಯನ ಕಿವಿಯ ನಾಳ ಹೆಚ್ಚುಕಡಿಮೆ ಅಡ್ಡಲಾಗಿದೆ. ನಾಯಿಯದು ಮೊದಲು ಬಾವಿಯಂತೆ ಕೆಳಗಿಳಿದು, ಬಳಿಕ ಒಳಕ್ಕೆ ತಿರುಗುತ್ತದೆ. ಕಪ್ಪುಹಲಗೆಯ ಮೇಲೆ ಇಂಗ್ಲಿಷಿನ 'ಎಲ್' ಅಕ್ಷರ ಬರೆದಂತೆ. ಅಲ್ಲಿಗಿಳಿದ ನೀರಾಗಲಿ ಎಣ್ಣೆಯಾಗಲಿ ಸುಲಭವಾಗಿ ಹೊರಬಾರದು. ಲ್ಯಾಬ್ರಡಾರ್, ಕಾಕರ್ ಸ್ಪಾನಿಯಲ್ ತಳಿಗಳ ಜೋಲುಕಿವಿ ಇದಕ್ಕೆ ಮುಚ್ಚಳವೂ ಆಗುತ್ತದೆ. ಆರೋಗ್ಯವಂತ ನಾಯಿಯ ಚರ್ಮದಲ್ಲೂ ಇರುವ ಮಲಸೀಝಿಯಾ ಎಂಬ ಯೀಸ್ಟ್ ಹೆಚ್ಚಲು ನಮ್ಮ ಮಲೆನಾಡಿನ, ಕರಾವಳಿಯ ಮಳೆಗಾಲದ ತೇವಕ್ಕಿಂತ ಒಳ್ಳೆಯ ಅನುಕೂಲ ಬೇಕೇ?

ಕಾಫಿಪುಡಿಯಂತಹ ಕಪ್ಪು ಕಸ ಕಂಡರೆ ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣ ಕಿವಿಹುಳು ಇರಬಹುದು. ಕಂದು ಜಿಗುಟಿದ್ದರೆ ಯೀಸ್ಟ್, ಕೀವಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಇದೆಲ್ಲ ಅಂದಾಜು ಮಾತ್ರ. ಕೊಳೆಯನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೇ ಸರಿಯಾದ ಔಷಧ ತಿಳಿಯುವುದು. ರೋಗ ಮರುಕಳಿಸುತ್ತಿದ್ದರೆ ಹೆಚ್ಚಿನ ವೇಳೆ ಅದರ ಹಿಂದೆ ಚರ್ಮದ ಅಲರ್ಜಿ ಇರುತ್ತದೆ.

ಎಣ್ಣೆಗಿಂತಲೂ ನನಗೆ ಭಯವಿರುವುದು ಕಪಾಟಿನಲ್ಲಿ ಉಳಿದ ಹಳೆಯ ಔಷಧದ ಸೀಸೆಯದು. ಕಿವಿಯ ತಮಟೆ ಒಡೆದಿದ್ದರೆ ಜೆಂಟಾಮೈಸಿನ್‌ನಂತಹ ಔಷಧ ಒಳಕಿವಿಗೆ ಇಳಿದು ಶ್ರವಣಶಕ್ತಿಯನ್ನೂ ಸಮತೋಲವನ್ನೂ ಕೆಡಿಸಬಲ್ಲದು. ತಮಟೆ ನೆಟ್ಟಗಿದೆಯೇ ಎಂಬುದನ್ನು ಪಶುವೈದ್ಯರು ದೀಪದ ಉಪಕರಣದಿಂದ ನೋಡಬೇಕೇ ಹೊರತು ನಾವು ಊಹಿಸಬಾರದು.

ನಮ್ಮ ಬೀದಿಯ ಲ್ಯಾಬ್ರಡಾರೊಂದು ಎರಡು ವಾರ ತಲೆ ಕೊಡವುತ್ತಲೇ ಇತ್ತು. ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ, ಅದು ಇಡ್ಲಿಯಂತೆ ಉಬ್ಬಿತು. ಸವರಲು ಹೋದ ಹುಡುಗನ ಮೇಲೆ ಗುರ್ರೆಂದಿತು. ನಾಯಿಯ ಬುದ್ಧಿ ಕೆಟ್ಟಿತೆಂದು ಮನೆಯವರು ಹೊಡೆದರು. ನೋಯುವ ಜಾಗ ಮುಟ್ಟಬೇಡಿ ಎನ್ನಲು ಆ ಮೂಕಪ್ರಾಣಿಗೆ ಬೇರೆ ಯಾವ ದಾರಿಯಿತ್ತು? ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು, ಕಿವಿ ಸುಕ್ಕುಗಟ್ಟಿ ಉಳಿದಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನಾಯಿ ಸಾಕುತ್ತಿದ್ದೀರಿ. ವಾರಕ್ಕೊಮ್ಮೆ ಕಿವಿಯನ್ನೆತ್ತಿ ನೋಡಿ, ಮೂಸಿಯೂ ನೋಡಿ. ಸ್ನಾನದ ನಂತರ ಮೆದು ಬಟ್ಟೆಯಿಂದ ಒರೆಸಿ, ಹತ್ತಿಕಡ್ಡಿ ತುರುಕಬೇಡಿ. ತುರಿಕೆ ನಿಂತಿತೆಂದು ಔಷಧವನ್ನು ನಡುವೆ ಬಿಡದೆ, ಮತ್ತೊಮ್ಮೆ ವೈದ್ಯರಿಗೆ ತೋರಿಸಿ. ಇನ್ನು ಊರಿನಲ್ಲಿರುವ ಬಂಧುಗಳಿಗೆ ಒಂದು ಮಾತು: ಸರಕಾರಿ ಪಶು ಆಸ್ಪತ್ರೆಯಲ್ಲಿ ನಾಯಿಗಳನ್ನೂ ನೋಡುತ್ತಾರೆ. ಅದು ದನಗಳಿಗೆ ಮಾತ್ರವೆಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ.